ಅಕ್ಕಿ ಕಿಟ್ ಬಂತು, ಬಾವಿ ಯಾರು ತೊಳೆಯುವುದು?

ಮಾನ್ಯ ಸಂಪಾದಕರೇ,

ನೆರೆ ಬಂದರೆ ಸಾಕು, ಪೇಪರಲ್ಲಿ ಆ ಫೋಟೊ ಬಂದೇ ಬರುತ್ತದೆ. ಚರ್ಚ್ ಹಾಲ್, ಉದ್ದದ ಮೇಜು, ಅದರ ಮೇಲೆ ಅಕ್ಕಿ-ಬೇಳೆ ಕಿಟ್, ಹಿಂದೆ ಫಾದರ್ ಮತ್ತು ಚರ್ಚಿನವರು. ತಮಾಷೆ ಮಾಡುತ್ತಿಲ್ಲ, ಆ ಕಿಟ್‌ನಲ್ಲಿ ಊಟ ಮಾಡಿದವ ನಾನು.

2020ರ ಸೆಪ್ಟೆಂಬರ್ 20, ಆದಿತ್ಯವಾರ. ಮೊಂತಿ ಹಬ್ಬ, ಅಂದರೆ ಕರಾವಳಿಯ ಕ್ರೈಸ್ತರ ತೆನೆ ಹಬ್ಬ, ಮುಗಿದು ಹನ್ನೆರಡು ದಿನ ಆಗಿತ್ತಷ್ಟೆ. ರಾತ್ರಿಯಿಡೀ ಸುರಿದ ಮಳೆಗೆ ಸ್ವರ್ಣಾ ನದಿ ಉಕ್ಕಿ, ಬೆಳಗಾಗುವಾಗ ನಮ್ಮ ಅಂಗಳ, ತೋಟ, ಬಾವಿ ಎಲ್ಲ ಒಂದೇ ಮಟ್ಟ. ಉಡುಪಿ ಪೇಟೆಯಲ್ಲಿ ಕಲ್ಸಂಕ, ಬನ್ನಂಜೆ ಕಡೆಯೂ ಅದೇ ಕಥೆ. ನಮ್ಮದು ಚರ್ಚಿಗೆ ಸೇರಿದ ಮನೆ ಅಲ್ಲ. ಆದರೂ ಮೊದಲು ಬಂದು ವಿಚಾರಿಸಿದ್ದು ಪಕ್ಕದ ವಾಳೆಯ (ಚರ್ಚಿನ ವಾರ್ಡಿನ) ಗುರಿಕಾರರು, ಅಂದರೆ ಅದರ ಮುಖಂಡರು. ಸೊಂಟದ ಮಟ್ಟ ನೀರಲ್ಲಿ ನಿಂತು "ಅಮ್ಮನ ಮಾತ್ರೆ ತಗೊಂಡ್ರಾ?" ಅಂತ ಕೇಳಿದರು. ಅಮ್ಮನಿಗೆ ಬಿಪಿ ಇರುವುದು ಅವರಿಗೆ ಗೊತ್ತಿತ್ತು. ನನಗೆ ಆ ಗಡಿಬಿಡಿಯಲ್ಲಿ ನೆನಪೇ ಇರಲಿಲ್ಲ.

ಕಷ್ಟ ಶುರುವಾದದ್ದು ನೀರು ಇಳಿದ ಮೇಲೆ. ಕಿಟ್ ಬಂತು, ಹಳೆ ಬಟ್ಟೆಯ ಮೂಟೆಗಳೂ ಬಂದವು. ಒಂದರಲ್ಲಿ ಜರಿಯ ಶೇರ್ವಾನಿ ಇತ್ತು, ಕೆಸರು ಬಾಚುವಾಗ ಹಾಕಿಕೊಳ್ಳಲಿ ಅಂತ ಕೊಟ್ಟಿರಬೇಕು! ಆದರೆ ಅಕ್ಕಿ ಬೇಯಿಸಲು ನೀರು ಬೇಕಲ್ವಾ? ಬಾವಿಯಲ್ಲಿ ಸತ್ತ ಕೋಳಿ, ತೆಂಗಿನ ಸಿಪ್ಪೆ, ಯಾರದೋ ಚಪ್ಪಲಿ ತೇಲುತ್ತಿತ್ತು. ಮೋಟರ್ ಒಳಗೆ ಕೆಸರು ಹೋಗಿ, ರಿವೈಂಡಿಂಗ್‌ಗೆ ಕೊಟ್ಟರೆ ಹತ್ತು ದಿನ ಅಂದರು, ಯಾಕೆಂದರೆ ಊರಿನ ಎಲ್ಲರ ಮೋಟರೂ ಅಲ್ಲೇ ಸಾಲಾಗಿ ಕೂತಿತ್ತು.

ಮುಂದಿನ ಆದಿತ್ಯವಾರ ಚರ್ಚಿನ ಹುಡುಗರು ಎಲ್ಲಿಂದಲೋ ಡೀಸೆಲ್ ಪಂಪ್ ಬಾಡಿಗೆಗೆ ತಂದು ಬಾವಿ ಬತ್ತಿಸಿ ಕೊಟ್ಟರು. ನಮಗೆ ಅದೇ ದೊಡ್ಡ ಸಹಾಯ. ಬ್ಲೀಚಿಂಗ್ ಪೌಡರ್ ಮಾತ್ರ ಅಂದಾಜಿನಲ್ಲಿ ಸುರಿದರು, ನಾಲ್ಕು ದಿನ ಚಹಾಕ್ಕೂ ಅದೇ ವಾಸನೆ. ಸಾವಿರ ಲೀಟರ್ ನೀರಿಗೆ ಎರಡೂವರೆ ಗ್ರಾಂ ಲೆಕ್ಕ, ಪೌಡರನ್ನು ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿ ಮಾತ್ರ ಬಾವಿಗೆ ಬಿಡಬೇಕು ಅಂತ ಆಮೇಲೆ ಆಶಾ ಕಾರ್ಯಕರ್ತೆ ಹೇಳಿಕೊಟ್ಟರು.

ಇನ್ನೊಂದು ತಲೆನೋವು ಕಾಗದಪತ್ರ. ಪರಿಹಾರಕ್ಕೆ ಅರ್ಜಿ ಹಾಕಲು ಹೋದರೆ ರೇಷನ್ ಕಾರ್ಡ್ ಮುದ್ದೆಯಾಗಿತ್ತು, ಪಾಸ್‌ಬುಕ್‌ನಲ್ಲಿ ಖಾತೆ ನಂಬರೇ ಅಳಿಸಿಹೋಗಿತ್ತು. ಕಚೇರಿಗೆ ಮೂರು ಸಲ ಸುಮ್ನೆ ಅಲೆದೆ.

ನಾನು ಚರ್ಚಿನವರಲ್ಲಿ ಕೇಳುವುದು ಇಷ್ಟೆ. ಯಾವ ಮನೆಯಲ್ಲಿ ವಯಸ್ಸಾದವರಿದ್ದಾರೆ, ಯಾರ ಬಾವಿಕಟ್ಟೆ ತಗ್ಗು ಅನ್ನುವುದು ಗುರಿಕಾರರಿಗೆ ಬಾಯಿಪಾಠ. ಮಳೆಗಾಲಕ್ಕೆ ಮೊದಲೇ ಅದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಮನೆಯವರ ಕಾಗದಪತ್ರದ ಫೋಟೊ ತೆಗೆದು ದೂರದ ನೆಂಟರ ಮೊಬೈಲಿಗೆ ಕಳಿಸಿಕೊಡಲು ಹುಡುಗರು ಸಹಾಯ ಮಾಡಲಿ. ಹಳೆ ಬಟ್ಟೆ ಬೇಡ ಅಂತ ಪೂಜೆ ಮುಗಿದ ಮೇಲೆ ಮೈಕಿನಲ್ಲೇ ಹೇಳಿಬಿಡಿ. ಆಮೇಲೆ ಸ್ವಂತದ್ದೊಂದು ಡೀಸೆಲ್ ಪಂಪ್ ತೆಗೆದು ಚರ್ಚ್ ಹಾಲ್‌ನ ಹಿಂದೆ ಇಡಿ. ಅದಕ್ಕೆ ಹಣ ಎತ್ತುವಾಗ ನಮ್ಮ ಮನೆಗೂ ಬನ್ನಿ, ನನ್ನದು ಐನೂರು ಈಗಲೇ ಬರೆದುಕೊಳ್ಳಿ.

– ಒಬ್ಬ ಓದುಗ, ಕಲ್ಯಾಣಪುರ, ಉಡುಪಿ