ಎದೆಬಡಿತದ ಭಯ ಮತ್ತು ದಿನನಿತ್ಯದ ಬದುಕು

ಮಾನ್ಯ ಸಂಪಾದಕರೇ,

ಹಾಸನ ಜಿಲ್ಲೆಯಲ್ಲಿ ಕಿರಿಯ ವಯಸ್ಸಿನವರೂ ಹೃದಯಾಘಾತದಿಂದ ಸಾಯುತ್ತಿದ್ದಾರೆಂಬ ಸುದ್ದಿಗಳು 2025ರ ಜೂನ್‌, ಜುಲೈ ತಿಂಗಳಲ್ಲಿ ಒಂದರ ಹಿಂದೊಂದು ಬಂದಾಗ, ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿದ್ದನ್ನು ನಾಡೆಲ್ಲ ನೋಡಿತು. ಸಾವಿನ ಪ್ರಮಾಣದಲ್ಲಿ ಅಸಹಜ ಏರಿಕೆ ಕಂಡುಬಂದಿಲ್ಲವೆಂದು ಸರ್ಕಾರ ನೇಮಿಸಿದ್ದ ತಜ್ಞರ ಸಮಿತಿ ಬಳಿಕ ವರದಿ ಕೊಟ್ಟರೂ, ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ, ರಾತ್ರಿ ಗ್ಯಾಸ್ಟ್ರಿಕ್‌ನಿಂದ ಎದೆ ಉರಿದರೆ, ಆ ಸುದ್ದಿಗಳನ್ನೇ ನೆನೆದು ಕಂಗಾಲಾಗುವವರು ನಮ್ಮ ನಡುವೆ ಈಗಲೂ ಇದ್ದಾರೆ.

ಎದೆನೋವು, ಕೈಗೋ ದವಡೆಗೋ ಹಬ್ಬುವ ನೋವು, ತಣ್ಣನೆಯ ಬೆವರು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಹೃದಯದ ಪರೀಕ್ಷೆಗಳಾದ ಇಸಿಜಿ, ಎಕೋ ಎರಡೂ ಸರಿಯಾಗಿವೆಯೆಂದು ವೈದ್ಯರು ಹೇಳಿದ ಮೇಲೂ ಹೊಸ ತೊಂದರೆಯೇನೂ ಇಲ್ಲದೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವವರ ಪಾಡೇ ಬೇರೆ. ವರದಿ ಕೈಸೇರಿದ ದಿನದ ನೆಮ್ಮದಿ ಬಹಳ ಕಾಲ ಉಳಿಯುವುದಿಲ್ಲ. ಪದೇ ಪದೇ ಖಾತ್ರಿ ಬಯಸುವ ಅಭ್ಯಾಸವೇ ಆತಂಕಕ್ಕೆ ಮೇವಾಗುತ್ತದೆ. ಭಯವಾದಾಗ ದೇಹದಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ಹೆಚ್ಚಿ ಎದೆಬಡಿತ ಏರುತ್ತದೆ, ಆ ಬಡಿತಕ್ಕೇ ಹೆದರಿದರೆ ಅದು ಇನ್ನಷ್ಟು ಏರುತ್ತದೆ. ಅಂಥ ಹೊತ್ತಿನಲ್ಲಿ ಘಳಿಗೆಗೊಮ್ಮೆ ನಾಡಿ ಎಣಿಸುವುದನ್ನು ಬಿಟ್ಟು, ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡುತ್ತ, ಹಿಡಿದ ಕೆಲಸವನ್ನು ಮುಂದುವರಿಸಿದರೆ ತಳಮಳ ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ. ಹೇಳಿದಷ್ಟು ಸುಲಭವಲ್ಲ, ನಿಜ. ಆದರೆ ಭಯ ಪೂರ್ತಿ ಹೋಗಲಿ ಎಂದು ಕಾದು ಕುಳಿತು, ಹೃದಯಕ್ಕೆ ಹಿತವಾದ ಬೆಳಗಿನ ನಡಿಗೆಯನ್ನೇ ನಿಲ್ಲಿಸುವುದು ಅದಕ್ಕಿಂತ ದುಬಾರಿ. ಕಾಫಿ ಬೆಳೆಯುವ ಜಿಲ್ಲೆಯಲ್ಲಿದ್ದು ಹೀಗೆ ಬರೆಯಲು ತುಸು ಸಂಕೋಚವಾದರೂ, ಸಂಜೆಯ ಮೇಲಿನ ಕಾಫಿಯನ್ನು ಬಿಡುವುದರಿಂದಲೂ ಹಲವರಿಗೆ ಎದೆಬಡಿತ, ನಿದ್ದೆಗೇಡು ಎರಡೂ ತಗ್ಗುತ್ತವೆ.

ಇಷ್ಟಾದರೂ ಆತಂಕ ತಿಂಗಳುಗಟ್ಟಲೆ ಬಿಡದೆ ಕೆಲಸ, ನಿದ್ದೆಗಳನ್ನು ಕೆಡಿಸುತ್ತಿದ್ದರೆ ಅದಕ್ಕೆ ಚಿಕಿತ್ಸೆಯಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಗೆ, ಅಂದರೆ 14416ಕ್ಕೆ, ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಹಠಾತ್ ಸಾವಿನ ಸುದ್ದಿಗಳ ಜೊತೆಗೆ ಈ ಸಂಖ್ಯೆಯನ್ನೂ ಪ್ರಕಟಿಸಬೇಕು, ತಜ್ಞರ ವರದಿಗಳಿಗೂ ಸಾವಿನ ಸುದ್ದಿಗೆ ಕೊಟ್ಟಷ್ಟೇ ಜಾಗವನ್ನು ಮುಖಪುಟದಲ್ಲಿ ಕೊಡಬೇಕು ಎಂದು ತಮ್ಮಲ್ಲಿ ವಿನಂತಿಸುತ್ತೇನೆ.

ಇತಿ,
ಓರ್ವ ಓದುಗ, ಹಾಸನ