‘ಸ್ವಇಚ್ಛೆಯ’ ರಾಜೀನಾಮೆಗಳ ಲೆಕ್ಕ ಬೇಕು

ಮಾನ್ಯ ಸಂಪಾದಕರೇ,

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಉದ್ಯೋಗ ಕಡಿತ ನಡೆದಾಗಲೆಲ್ಲ ಅದಕ್ಕೆ ‘ರೈಟ್‌ಸೈಜಿಂಗ್’, ‘ರೀಸ್ಟ್ರಕ್ಚರಿಂಗ್’, ‘ರಿಸೋರ್ಸ್ ಆಪ್ಟಿಮೈಸೇಷನ್’ ಎಂಬ ಹೆಸರುಗಳನ್ನು ಇಡಲಾಗುತ್ತದೆ. ಪತ್ರಿಕೆಗಳೂ ಪ್ರಕಟಣೆಯಲ್ಲಿರುವ ಅದೇ ಪದಗಳನ್ನು ಎತ್ತಿ ಬರೆಯುತ್ತಿವೆ. ಈ ಪರಿಭಾಷೆಯ ಮರೆಯಲ್ಲಿ ನೌಕರರು ತಮ್ಮ ಕಾನೂನುಬದ್ಧ ಹಕ್ಕನ್ನೇ ಕಳೆದುಕೊಳ್ಳುತ್ತಿದ್ದಾರೆ ಎಂಬುದನ್ನು ಗಮನಕ್ಕೆ ತರಲು ಈ ಪತ್ರ.

ಅನೇಕ ಕಡೆ ಇದು ನಡೆಯುವ ಕ್ರಮ ಈ ವಲಯದವರಿಗೆಲ್ಲ ಗೊತ್ತು. ಪ್ರಾಜೆಕ್ಟ್ ಮುಗಿದವರನ್ನು ‘ಬೆಂಚ್’ ಮೇಲೆ, ಅಂದರೆ ಹೊಸ ಕೆಲಸ ಕೊಡದೆ, ಕೂರಿಸುತ್ತಾರೆ, ಕೆಲವು ವಾರಗಳ ನಂತರ ‘ಪರ್ಫಾರ್ಮೆನ್ಸ್ ಇಂಪ್ರೂವ್‌ಮೆಂಟ್ ಪ್ಲಾನ್’ (ಕಾರ್ಯಕ್ಷಮತೆ ಸುಧಾರಣೆ ಯೋಜನೆ) ಹೆಸರಿನಲ್ಲಿ ಮುಟ್ಟಲಾಗದ ಗುರಿ ಕೊಡುತ್ತಾರೆ, ಕೊನೆಗೆ ಎಚ್‌ಆರ್‌ನವರು ಕರೆದು ‘ನೀವೇ ಪೇಪರ್ ಹಾಕಿಬಿಡಿ, ರಿಲೀವಿಂಗ್ ಲೆಟರ್ ಕ್ಲೀನ್ ಆಗಿರುತ್ತೆ’ ಎನ್ನುತ್ತಾರೆ. ಮುಂದೆ ಕೆಲಸ ಕೊಡುವವರು ಹಿನ್ನೆಲೆ ಪರಿಶೀಲಿಸುತ್ತಾರೆಂಬ ಭಯವೂ ಮನೆ ಸಾಲದ ಕಂತಿನ ಚಿಂತೆಯೂ ಇರುವ ನೌಕರರು ಅಲ್ಲೇ ಕುಳಿತು ಪೋರ್ಟಲ್‌ನಲ್ಲಿ ರಾಜೀನಾಮೆ ಸಲ್ಲಿಸುತ್ತಾರೆ. ದಾಖಲೆಯಲ್ಲಿ ಅದು ಸ್ವಇಚ್ಛೆಯ ರಾಜೀನಾಮೆ, ‘ಅಟ್ರಿಷನ್’ (ತಾವಾಗಿಯೇ ಕೆಲಸ ಬಿಟ್ಟವರ) ಅಂಕಿಗೆ ಸೇರುವ ಇನ್ನೊಂದು ತಲೆ.

ಹಿಂದಿನ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಪ್ರಕಾರವೂ ಅದರ ಬದಲಿಗೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರವೂ, ಕನಿಷ್ಠ ಒಂದು ವರ್ಷ ಸತತವಾಗಿ ದುಡಿದ ಕಾರ್ಮಿಕರನ್ನು ಅವರ ತಪ್ಪಿಲ್ಲದೆ ತೆಗೆಯಬೇಕಾದರೆ ಕಾರಣ ತಿಳಿಸಿ ಒಂದು ತಿಂಗಳ ಲಿಖಿತ ನೋಟಿಸ್ ಅಥವಾ ಅಷ್ಟು ಅವಧಿಯ ವೇತನ ನೀಡಬೇಕು, ಪೂರೈಸಿದ ಪ್ರತಿ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕು, ಸರ್ಕಾರಕ್ಕೂ ತಿಳಿಸಬೇಕು. ರಾಜೀನಾಮೆ ಬರೆದುಕೊಟ್ಟವರಿಗೆ ಇದಾವುದೂ ಇಲ್ಲ. ‘ನೀವು ಟೀಮ್ ಲೀಡ್, ನಿಮಗೆ ಕಾರ್ಮಿಕ ಕಾನೂನು ಅನ್ವಯಿಸದು’ ಎಂದು ಹೇಳಿ ಕಳಿಸುವುದೂ ಉಂಟು. ಆದರೆ ನ್ಯಾಯಾಲಯಗಳು ಹುದ್ದೆಯ ಹೆಸರಿಗಿಂತ ಮಾಡುವ ಕೆಲಸದ ಸ್ವರೂಪವನ್ನೇ ನೋಡುತ್ತವೆ ಎಂಬುದು ನಮ್ಮ ಹುಡುಗ ಹುಡುಗಿಯರಿಗೆ ತಿಳಿದಿರಬೇಕು.

ಸೇವಾ ನಿಯಮಗಳನ್ನು ಲಿಖಿತವಾಗಿ ನಿಗದಿಪಡಿಸಬೇಕೆನ್ನುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ವಲಯಕ್ಕೆ ನೀಡಿದ್ದ ವಿನಾಯಿತಿಯನ್ನು ರಾಜ್ಯ ಸರ್ಕಾರ 2024ರಲ್ಲಿ ಮತ್ತೆ 5 ವರ್ಷಗಳಿಗೆ ವಿಸ್ತರಿಸಿದಾಗ, ಅಮಾನತು, ವಜಾ, ಹಿಂಬಡ್ತಿಯಂಥ ಕ್ರಮಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕೆಂಬ ಷರತ್ತು ವಿಧಿಸಿತ್ತು. ಬಲವಂತದ ರಾಜೀನಾಮೆ ಆ ಷರತ್ತಿನಿಂದ ಸುಲಭವಾಗಿ ನುಣುಚಿಕೊಳ್ಳುತ್ತದೆ. ಒಂದೇ ಅವಧಿಯಲ್ಲಿ ಗುಂಪುಗುಂಪಾಗಿ ರಾಜೀನಾಮೆ ಸಲ್ಲಿಕೆಯಾದರೆ ಅವುಗಳ ವಿವರವನ್ನೂ ಕಂಪನಿಗಳಿಂದ ಪಡೆದು, ನೌಕರರನ್ನು ಖುದ್ದಾಗಿ ವಿಚಾರಿಸುವ ವ್ಯವಸ್ಥೆಯನ್ನು ಇಲಾಖೆ ಮಾಡಬೇಕು. ತಮ್ಮ ಪತ್ರಿಕೆಯೂ ‘ರೈಟ್‌ಸೈಜಿಂಗ್’ ಸುದ್ದಿ ಪ್ರಕಟಿಸುವಾಗ, ಎಷ್ಟು ಮಂದಿಯನ್ನು ಕೆಲಸದಿಂದ ತೆಗೆಯಲಾಯಿತು, ಅವರಲ್ಲಿ ಎಷ್ಟು ಮಂದಿಗೆ ಪರಿಹಾರ ಸಿಕ್ಕಿತು ಎಂದು ಕಂಪನಿಯನ್ನು ಕೇಳಿ ಬರೆಯಬೇಕೆಂದು ವಿನಂತಿಸುತ್ತೇನೆ.

– ಒಬ್ಬ ಐಟಿ ಉದ್ಯೋಗಿ, ಬೆಂಗಳೂರು