ಹಿನ್ನೀರಿನ ಮೇಲೊಂದು ಕಿವಿ

ಸಾಗರ
ಭಾನುವಾರ, ಬೆಳಗಿನ ಜಾವ

ಪ್ರೀತಿಯ ಕೂಸೇ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. "ಏಳು ತಿಂಗಳ ಕೆಲಸ ನೀರಿಗೆ ಹೋಯಿತಮ್ಮಾ" ಎಂದವಳು ಆಮೇಲೆ ಅಪ್ಪನ ಮಂಡಿನೋವು ವಿಚಾರಿಸಿದೆ, ಅಡಿಕೆ ಕೊಯ್ಲು ಎಲ್ಲಿಗೆ ಬಂತು ಎಂದು ಕೇಳಿದೆ, ಫೋನ್ ಇಟ್ಟೆ. ನಾನೂ ಬಾಯಿಗೆ ಬಂದದ್ದು ಏನೋ ಹೇಳಿದೆ. ನಿದ್ದೆ ಬರಲಿಲ್ಲ. ಬಚ್ಚಲೊಲೆಗೆ ಬೆಂಕಿ ಹಾಕಿ, ಅದರ ಎದುರಿಗೇ ಮಣೆ ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ.

ನೀನು ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು. ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಅಳೆದ ನಿನ್ನ ಗ್ರಾಫಿನಲ್ಲಿ ಒಂದು ಸಣ್ಣ ಏರಿಳಿತ ಕಂಡಿತ್ತು. ಅದು ಆಕಾಶದ್ದೇ ಇರಬಹುದೆಂದು ಏಳು ತಿಂಗಳು ಅದರ ಬೆನ್ನು ಬಿದ್ದೆ. ಹೋದ ವಾರ ಒಂದು ಏರಿಗೂ ಇನ್ನೊಂದು ಏರಿಗೂ ನಡುವೆ ಎಷ್ಟು ಮೆಗಾಹರ್ಟ್ಸ್ ಅಂತರವಿದೆ ಎಂದು ಅಳೆದೆ. ಲೆಕ್ಕ ಹಾಕಿದರೆ ಅದು ಸುಮಾರು ಹತ್ತು ಮೀಟರ್ ಉದ್ದದ ಕೇಬಲಿಗೆ ಸರಿಹೊಂದಿತು. ಅಲೆ ಕೇಬಲಿನ ಆ ತುದಿಗೆ ಹೋಗಿ, ಬಡಿದು, ಈ ತುದಿಗೆ ಮರಳುವಾಗ ಆಗುವ ಏರಿಳಿತ. ಪ್ರಯೋಗಾಲಯಕ್ಕೆ ಹೋಗಿ ಟೇಪು ಹಿಡಿದು ಅಳೆದರೆ ಅಲ್ಲಿ ಅಷ್ಟೇ ಉದ್ದದ ಕೇಬಲ್ ಇತ್ತು.

ಇಷ್ಟನ್ನೂ ಒಂದೇ ಉಸಿರಿಗೆ ಹೇಳುವಾಗ ಒಂದು ಸಂಗತಿಯನ್ನು ನೀನು ಹಾಗೆಯೇ ದಾಟಿಬಿಟ್ಟೆ. ಆ ಕೇಬಲನ್ನು ಹಿಡಿದವಳು ನೀನೇ. ಬೇರೆಯವರು ನಿನಗೆ ತೋರಿಸಿಕೊಡಲಿಲ್ಲ. ನಿನಗೆ ಬೇಕಾಗಿದ್ದ ಉತ್ತರದ ಮೇಲೆಯೇ ಅನುಮಾನಪಟ್ಟು ಟೇಪು ಹಿಡಿದು ಹೊರಟವಳು ನೀನು. ಇಪ್ಪತ್ತೇಳು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ಪುಸ್ತಕದ ಉತ್ತರಕ್ಕೆ ಸರಿಯಾಗಿ ಅಳತೆಯನ್ನು ತಿದ್ದಿಕೊಳ್ಳುವ ಮಕ್ಕಳನ್ನು ವರ್ಷ ವರ್ಷವೂ ನೋಡುತ್ತೇನೆ. ಲೋಲಕದ ಪ್ರಯೋಗದಲ್ಲಿ ಎಲ್ಲರಿಗೂ 9.8 ಬಂದೇ ಬರುತ್ತದೆ! 9.4 ಬಂತು ಎಂದು ಧೈರ್ಯವಾಗಿ ಬರೆದುಕೊಂಡು ಬರುವ ಮಗು ಮೂರು ವರ್ಷಕ್ಕೊಮ್ಮೆ ಸಿಕ್ಕರೆ ಹೆಚ್ಚು.

ಆ ಪೇಪರ್ ಕಟಿಂಗ್ ನಿನಗೆ ನೆನಪಿದೆಯಲ್ಲ? 2022ರ ಫೆಬ್ರವರಿ 28, ವಿಜ್ಞಾನ ದಿನ. ನಾನು ಶಾಲೆಯಲ್ಲಿ ಪ್ರಬಂಧ ಸ್ಪರ್ಧೆ ನಡೆಸುತ್ತಿದ್ದ ಹೊತ್ತಿನಲ್ಲೇ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರ ಲೇಖನ ನೇಚರ್ ಆಸ್ಟ್ರಾನಮಿ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ನಮ್ಮ ದಿನಪತ್ರಿಕೆಯಲ್ಲಿ ಸುದ್ದಿ ಬಂದಾಗ ಶರಾವತಿ ಎಂಬ ಹೆಸರು ಕಣ್ಣಿಗೆ ಬಿದ್ದು ನಿಂತಲ್ಲೇ ಓದಿದೆ. 2018ರಲ್ಲಿ ಅಮೆರಿಕದ ತಂಡವೊಂದು ಪಶ್ಚಿಮ ಆಸ್ಟ್ರೇಲಿಯಾದ ನಿರ್ಜನ ಬಯಲಿನಲ್ಲಿಟ್ಟ ಎಡ್ಜಸ್ ಎಂಬ ಉಪಕರಣದಿಂದ, ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಗುರುತು ಸಿಕ್ಕಿತು ಎಂದಿತ್ತು. ಆಕಾಶದಿಂದ ಬರುವ ರೇಡಿಯೋ ಅಲೆಗಳ ಬಲದಲ್ಲಿ, 78 ಮೆಗಾಹರ್ಟ್ಸ್ ಬಳಿ ಒಂದು ತಗ್ಗು. ಸಿದ್ಧಾಂತ ಹೇಳುತ್ತಿದ್ದುದರ ಎರಡು ಪಟ್ಟಿಗಿಂತಲೂ ಆಳ. ಅಷ್ಟು ಆಳ ಹೇಗೆ ಬಂತೆಂದು ವಿವರಿಸಲು ಲೋಕದ ತುಂಬ ಲೇಖನಗಳು ಬಂದವು. ಆಮೇಲೆ ನಮ್ಮವರು 'ಸಾರಸ್' ಎಂಬ ಆಂಟೆನಾವನ್ನು ತೆಪ್ಪದ ಮೇಲಿಟ್ಟು, 2020ರ ಆರಂಭದಲ್ಲಿ ದಂಡಿಗಾನಹಳ್ಳಿಯ ಕೆರೆಯಲ್ಲಿ, ಆಮೇಲೆ ನಮ್ಮ ಹಿನ್ನೀರಿನಲ್ಲಿ ತೇಲಿಬಿಟ್ಟು ಅದೇ ತಗ್ಗನ್ನು ಹುಡುಕಿದರು. ಸಿಗಲಿಲ್ಲ. ಶೇಕಡಾ 95.3ರ ಭರವಸೆಯೊಂದಿಗೆ, ಆ ತಗ್ಗು ಆಕಾಶದ್ದಲ್ಲ ಎಂದು ಬರೆದರು.

ನೀನು ಆಗ ಬಿ.ಎಸ್ಸಿ. ಓದುತ್ತಿದ್ದೆ. "ಏನೂ ಸಿಗಲಿಲ್ಲ ಎನ್ನುವುದನ್ನೂ ಅಷ್ಟು ದೊಡ್ಡ ಪತ್ರಿಕೆ ಹಾಕುತ್ತದಾ ಅಮ್ಮಾ?" ಎಂದು ಕೇಳಿದ್ದೆ. ನೀನು ಈ ದಾರಿ ಹಿಡಿದದ್ದು ಅವತ್ತಿನಿಂದ ಎಂದು ನಾನು ಲೆಕ್ಕ ಇಟ್ಟುಕೊಂಡಿದ್ದೇನೆ. ಅದೇ ಪ್ರಶ್ನೆಯನ್ನು ಈಗ ನಿನಗೆ ತಿರುಗಿ ಕೇಳಬೇಕೆನಿಸುತ್ತಿದೆ.

ಹೋದ ಗಣೇಶನ ಹಬ್ಬಕ್ಕೆ ಬಂದಾಗ ನೀನು ಅಮ್ಮಮ್ಮನಿಗೆ ಪಾಠ ಹೇಳಿದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೆ. ಅಂಗೈ ಅಗಲಿಸಿ ಜಗಲಿಯ ಮೇಲಿಟ್ಟು, "ಹೈಡ್ರೋಜನ್ ಹೊರಡಿಸುವ ಅಲೆ ಇಷ್ಟುದ್ದ, ಒಂದು ಗೇಣು, 21 ಸೆಂಟಿಮೀಟರ್" ಎಂದೆ. ಆಮೇಲೆ ಬಟ್ಟೆ ಒಣಗಿಸುವ ಹಗ್ಗವನ್ನು ಬಿಚ್ಚಿ ಅವರ ಕೈಗೆ ಒಂದು ತುದಿ ಕೊಟ್ಟು ಹಿಂದೆ ಹಿಂದೆ ಹೋದೆ. "ಮೊದಲ ನಕ್ಷತ್ರಗಳ ಕಾಲದಲ್ಲಿ ಆ ಅಲೆ ಹೊರಟಾಗ ವಿಶ್ವಕ್ಕೆ ಹದಿನೆಂಟು ಕೋಟಿ ವರ್ಷ. ಈಗ 1,380 ಕೋಟಿ. ಅಷ್ಟು ದಿನದಲ್ಲಿ ವಿಶ್ವ ಹಿಗ್ಗಿತು, ಅಲೆಯೂ ಹಿಗ್ಗಿತು. ನಮ್ಮಲ್ಲಿಗೆ ಬರುವಾಗ ಗೇಣು ಹೋಗಿ ಎರಡು ಮಾರು ಆಗಿದೆ." ಅಮ್ಮಮ್ಮ ಹಗ್ಗದ ತುದಿ ಹಿಡಿದು ಅಲ್ಲಾಡದೆ ಕುಳಿತಿದ್ದರು. ಗೇಣಿನಲ್ಲಿ ಹೂವಿನ ದಂಡೆ ಅಳೆದವರು, ಮಾರಿನಲ್ಲಿ ಬಾವಿಹಗ್ಗ ಅಳೆದವರು. ಅವರಿಗೆ ಅರ್ಥವಾಗದೆ ಇರುತ್ತದೆಯೇ? ನನ್ನ ಇಷ್ಟು ವರ್ಷದ ಪಾಠದಲ್ಲಿ ಇಂಥದ್ದೊಂದು ಹೊಳೆದಿರಲಿಲ್ಲ. ಈಗ ಹತ್ತನೆಯ ತರಗತಿಗೆ ಅದೇ ಹಗ್ಗ ಒಯ್ಯುತ್ತೇನೆ.

ಆಮೇಲೆ ಅಮ್ಮಮ್ಮ ಕೇಳಿದ್ದು, ನೀರಿನ ಮೇಲೆಯೇ ಏಕೆ ಇಟ್ಟರು ಎಂದು. ನೆಲದಡಿ ಮಣ್ಣು, ಜಂಬಿಟ್ಟಿಗೆ, ಬಂಡೆ ಎಂದು ಪದರ ಪದರವಿರುತ್ತದೆ, ಒಂದೊಂದೂ ಅಲೆಯನ್ನು ಒಂದೊಂದು ರೀತಿ ಹಿಂದಕ್ಕೆ ಕಳಿಸಿ ಗೊಂದಲ ಮಾಡುತ್ತದೆ, ಆಳದ ನೀರು ಒಂದೇ ಸಮ ಎಂದೆ. ಇನ್ನೊಂದು ಕಾರಣವನ್ನೂ ಹೇಳಿದೆ: ಅವರು ಹುಡುಕುವ ಜಾಗ ಎಫ್‌ಎಂ ರೇಡಿಯೋದ ಪಕ್ಕದ ಮನೆ, ಆದ್ದರಿಂದ ಗದ್ದಲವಿಲ್ಲದ ಕಡೆ ಹೋಗಬೇಕು. ಸಿಗಂದೂರಿನ ಲಾಂಚಿನಲ್ಲಿ ಕುಳಿತು ನೆಟ್‌ವರ್ಕ್ ಸಿಗುವುದಿಲ್ಲವೆಂದು ನೀನು ಸಿಡಿಮಿಡಿಗೊಳ್ಳುತ್ತಿದ್ದ ನೀರೇ ಅದು!

ಆ ಮೌನ ಎಲ್ಲಿಂದ ಬಂತು ಎನ್ನುವುದು ಅಮ್ಮಮ್ಮನಿಗೆ ಗೊತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದಾಗ ಅವರಿಗೆ ಹದಿನೆಂಟು. ತೋಟ, ಗದ್ದೆ, ಮನೆ, ಮನೆ ಎದುರಿನ ನಾಗಸಂಪಿಗೆ ಎಲ್ಲ ಮುಳುಗಿತು. ಅವರ ಅಪ್ಪ ತೊಲೆ ಬಾಗಿಲು ಬಿಚ್ಚಿಕೊಂಡು ಗಾಡಿಯ ಮೇಲೆ ಹೇರಿಕೊಂಡು ಬಂದರು. ನಾಡಿಗೆಲ್ಲ ಬೆಳಕು ಕೊಟ್ಟ ನೀರು, ಇವರ ಹೊಸ ಮನೆಯಲ್ಲಿ ಮಾತ್ರ ಎಷ್ಟೋ ವರ್ಷ ಚಿಮಣಿ ಬುಡ್ಡಿಯೇ ಉರಿಯಿತು. ವಿಜ್ಞಾನಕ್ಕೆ ಒಂದು ಒಳ್ಳೆಯ ಜಾಗ ಸಿಕ್ಕಿತು ಎಂದ ಮಾತ್ರಕ್ಕೆ ಆ ಲೆಕ್ಕ ಚುಕ್ತಾ ಆಗುವುದಿಲ್ಲ. ಇದನ್ನು ನೀನು ಎಂದೂ ಮರೆಯಬಾರದು ಎಂದೇ ಬರೆಯುತ್ತಿದ್ದೇನೆ. ತೆಪ್ಪ ಯಾವ ಊರಿನ ಮೇಲೆ ನಿಂತಿತ್ತೋ, ಅಮ್ಮಮ್ಮನ ಪಾಲಿಗೆ ಅದು ಅವರ ಅಂಗಳದ ಮೇಲೆಯೇ ನಿಂತಿತ್ತು. "ಅಷ್ಟು ದೂರದಿಂದ ಬಂದು ಏನೂ ಇಲ್ಲ ಎಂದು ಸುಳ್ಳಾಡದೆ ಹೇಳಿ ಹೋದರಲ್ಲ, ಒಳ್ಳೆಯ ಮನುಷ್ಯರು" ಎಂದರು. ನೀನು ನಕ್ಕೆ. ನನಗೆ ನಗು ಬರಲಿಲ್ಲ.

ಈಗ ನಿನ್ನ ಕೆಲಸದ ಕಷ್ಟವನ್ನು ನನ್ನ ಅಳತೆಯಲ್ಲಿ ಯೋಚಿಸುತ್ತೇನೆ. ರೇಡಿಯೋ ಅಲೆಯ ಬಲವನ್ನು ನೀವು ತಾಪದ ಅಳತೆಯಾದ ಕೆಲ್ವಿನ್‌ನಲ್ಲಿ ಹೇಳುತ್ತೀರಿ. ನಮ್ಮ ಆಕಾಶಗಂಗೆ ಆ ಅಲೆಗಳಲ್ಲಿ ಸಾವಿರಾರು ಕೆಲ್ವಿನ್ ಅಬ್ಬರಿಸುತ್ತದೆ. ನಿಮಗೆ ಬೇಕಾದದ್ದು ಒಂದು ಕೆಲ್ವಿನ್‌ಗಿಂತಲೂ ಕಡಿಮೆ. ಆಷಾಢದ ಮಳೆಯಲ್ಲಿ ಜೋಗದ ಎದುರು ನಿಂತು ಪಕ್ಕದ ಗುಡಿಸಲಿನ ಸೂರಿನಿಂದ ತೊಟ್ಟಿಕ್ಕುವ ಹನಿಯನ್ನು ಕೇಳಿಸಿಕೊಂಡ ಹಾಗೆ. ಹೈಡ್ರೋಜನ್ನಿನ ಒಂದು ಪರಮಾಣು ತಾನಾಗಿ ಆ ಅಲೆಯನ್ನು ಹೊರಡಿಸಬೇಕಾದರೆ ಸರಾಸರಿ ಒಂದು ಕೋಟಿ ವರ್ಷಕ್ಕೂ ಹೆಚ್ಚು ಕಾಯಬೇಕಂತೆ. ಇಂಥದ್ದನ್ನು ಹುಡುಕುವಾಗ ಕೇಬಲ್ ಏಳು ತಿಂಗಳು ಮೋಸ ಮಾಡಿದರೆ ನಾನಂತೂ ನಿನ್ನನ್ನು ದಡ್ಡಿ ಎನ್ನಲಾರೆ.

ಈ ಅಲೆಯನ್ನು ಮೊದಲ ಬಾರಿಗೆ ಹಿಡಿದವನೂ ನಿನ್ನ ಹಾಗೆ ಪಿಎಚ್‌.ಡಿ. ವಿದ್ಯಾರ್ಥಿಯೇ. ಹೆರಾಲ್ಡ್ ಯೂವೆನ್ ಎಂದು ನೀನೇ ಹೇಳಿದ್ದು. 1951, ಹಾರ್ವರ್ಡ್. ಹಲಗೆಯಿಂದ ದೊಡ್ಡದೊಂದು ಕೊಂಬು ಮಾಡಿ ಪ್ರಯೋಗಾಲಯದ ಕಿಟಕಿಯಿಂದ ಆಚೆಗೆ ಚಾಚಿದ್ದ. ಮಳೆ ಬಂದರೆ ಆ ಕೊಂಬಿನಲ್ಲಿ ನೀರು ಒಳಗೆ ಸುರಿಯುತ್ತಿತ್ತು, ಚಳಿಗಾಲದಲ್ಲಿ ಹುಡುಗರು ಅದಕ್ಕೆ ಹಿಮದ ಉಂಡೆ ಎಸೆಯುತ್ತಿದ್ದರು. ಅದರ ಫೋಟೋ ತೋರಿಸಿದಾಗ ಅಪ್ಪ, ನಮ್ಮ ಅಡಿಕೆ ಅಟ್ಟಕ್ಕಿಂತ ಗಟ್ಟಿಯಾಗಿಲ್ಲವಲ್ಲ ಎಂದಿದ್ದರು.

ಸಿಸಿಲಿಯಾ ಪೇನ್‌ರ ಕಥೆಯನ್ನು ಮಾತ್ರ ನಿನಗೆ ಹೇಳಿದವಳು ನಾನು. 1925ರಲ್ಲಿ, ಇಪ್ಪತ್ತೈದರ ವಯಸ್ಸಿನಲ್ಲಿ, ನಕ್ಷತ್ರಗಳಲ್ಲಿ ಬಹುಪಾಲು ಹೈಡ್ರೋಜನ್ನೇ ಎಂದು ತನ್ನ ಪ್ರಬಂಧದಲ್ಲಿ ಕಂಡುಕೊಂಡವಳು. ಆ ಕಾಲದ ದೊಡ್ಡ ವಿದ್ವಾಂಸ ಹೆನ್ರಿ ನಾರಿಸ್ ರಸೆಲ್ ಒಪ್ಪಲಿಲ್ಲ. ಅವರ ಮಾತಿಗೆ ಬಾಗಿ, ಈ ಫಲಿತಾಂಶ ಬಹುತೇಕ ನಿಜವಾಗಿರಲಾರದು ಎಂದು ತನ್ನ ಕೈಯಾರೆ ಬರೆದಳು. ನಾಲ್ಕು ವರ್ಷದ ಮೇಲೆ ರಸೆಲ್ ಅವರೇ ಅದೇ ತೀರ್ಮಾನಕ್ಕೆ ಬಂದರು. ತರಗತಿಯಲ್ಲಿ ಇದನ್ನು ಹೇಳುವಾಗ ಪ್ರತಿ ಸಲವೂ ನನ್ನ ಧ್ವನಿ ಗಡುಸಾಗುತ್ತದೆ. ಹಿರಿಯರ ಮಾತಿಗೆ ಕಿವಿ ಕೊಡು, ಅಳತೆಯನ್ನು ಇನ್ನೊಮ್ಮೆ ನೋಡು. ನೋಡಿದ ಮೇಲೂ ಅದೇ ಬಂದರೆ, ಅದು ಇದೆ ಎಂದಾಗಲಿ ಇಲ್ಲ ಎಂದಾಗಲಿ, ಅದನ್ನೇ ಬರೆ. ನಿನ್ನ ಕೇಬಲಿನ ಏರಿಳಿತವನ್ನು ಪ್ರಬಂಧದಲ್ಲಿ ಒಂದು ಅಧ್ಯಾಯವಾಗಿ ಬರೆಯಬಹುದೋ ಏನೋ, ನಿನ್ನ ಗೈಡ್‌ರನ್ನು ಕೇಳು. ಮುಂದೆ ಬರುವ ಇನ್ನೊಂದು ಹುಡುಗಿಗೆ ಏಳು ತಿಂಗಳು ಉಳಿಯುತ್ತದೆ.

ಇನ್ನು ಮನೆಯ ಮಾತು. ತಿಂಗಳಿಗೆ ಬರುವ 37,000ದಲ್ಲಿ ನೀನು ಇಲ್ಲಿಗೆ ಹಣ ಕಳಿಸುವುದನ್ನು ನಿಲ್ಲಿಸು. ಅದು ನಿನ್ನ ಊಟ, ಬಾಡಿಗೆ, ಆಗೊಮ್ಮೆ ಈಗೊಮ್ಮೆ ಗೆಳತಿಯರ ಜೊತೆ ತಿರುಗಾಟಕ್ಕೆ. ದೊಡ್ಡಮ್ಮ ಮದುವೆಯ ಮಾತು ಎತ್ತಿದರೆ ನನ್ನ ಹತ್ತಿರ ಮಾತಾಡಲು ಹೇಳು. ಮೊನ್ನೆ ಶ್ರಾದ್ಧದ ಮನೆಯಲ್ಲಿ ಮಾತಾಡಿಯೂ ಆಗಿದೆ. "ಐದಾರು ವರ್ಷ ಓದಿ ಆಮೇಲೆ ಕೆಲಸ ಎಲ್ಲಿ?" ಎಂದು ಕೇಳುವವರಿಗೆ ಅಪ್ಪ ಉತ್ತರ ಕೊಡಲು ತಡವರಿಸುತ್ತಾರೆ, ನಾನು ತಡವರಿಸುವುದಿಲ್ಲ. ಕೆಲಸಗಳು ಕಡಿಮೆ ಎಂದು ನನಗೆ ಗೊತ್ತು. ಎರಡು ಮೂರು ದೇಶ ಸುತ್ತಿ, ಮೂವತ್ತೈದಕ್ಕೆ ಒಂದು ಕಾಯಂ ಹುದ್ದೆ ಸಿಗಬಹುದು, ಸಿಗದೆಯೂ ಇರಬಹುದು. ಆಗ ನೀನು ಬೇರೆ ಏನಾದರೂ ಮಾಡುತ್ತೀಯ. ಅಳತೆ ಮಾಡಲು ಬರುವವರಿಗೆ ಅನ್ನ ಎಲ್ಲಿಯೂ ಹುಟ್ಟುತ್ತದೆ.

ನಡುವೆಯೇ ಬಿಡಬೇಕೆನಿಸಿದರೆ ಅದನ್ನೂ ನನಗೆ ಹೇಳು. ನಿನಗೆ ಆ ಪ್ರಶ್ನೆಯಲ್ಲೇ ಆಸೆ ಹೋದರೆ ಬಿಟ್ಟು ಬಾ, ಬಸ್ ನಿಲ್ದಾಣಕ್ಕೆ ನಾನೇ ಬರುತ್ತೇನೆ. ಏನೂ ಸಿಗಲಿಲ್ಲ ಎಂಬ ನಾಚಿಕೆಗೆ ಮಾತ್ರ ಬಿಡಬೇಡ. ಚಂದ್ರನ ಆಚೆ ಬದಿಯ ಮೌನದಲ್ಲಿ ಇದೇ ಅಲೆಯನ್ನು ಕೇಳಿಸಿಕೊಳ್ಳಲು 'ಪ್ರತುಷ್' ಎಂಬ ಉಪಕರಣವನ್ನು ರಾಮನ್ ಸಂಸ್ಥೆಯವರು ಯೋಜಿಸಿದ್ದಾರೆ ಎಂದು ನೀನು ಹೇಳುವಾಗ ನಿನ್ನ ಮುಖ ಹೇಗಿತ್ತು ಎಂದು ನಾನು ನೋಡಿದ್ದೇನೆ.

ನಿನ್ನೆ ಸಂಜೆಯ ಬಸ್ಸಿಗೆ ಪಾರ್ಸೆಲ್ ಹಾಕಿಸಿದ್ದೇನೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮೇಲೆ ಪ್ರತ್ಯೇಕ ಡಬ್ಬಿಯಲ್ಲಿ ತೊಡೆದೇವು ಇದೆ. ತೊಡೆದೇವು ಮುರಿದಿದ್ದರೂ ತಿನ್ನು, ರುಚಿಗೆ ಏನೂ ಆಗಿರುವುದಿಲ್ಲ.

ಅಮ್ಮಮ್ಮ ಎದ್ದು ಬಂದು ಪಕ್ಕದಲ್ಲಿ ಕುಳಿತಿದ್ದಾರೆ. ಅರವತ್ತು ವರ್ಷವಾದರೂ ಪತ್ರಿಕೆ ಬಂದ ಕೂಡಲೇ ಅವರು ಮೊದಲು ನೋಡುವುದು ಲಿಂಗನಮಕ್ಕಿಯ ನೀರಿನ ಮಟ್ಟವನ್ನು. ತುಂಬಿದರೆ 1,819 ಅಡಿ. ಈ ಬೇಸಿಗೆಯಲ್ಲಿ ಚೆನ್ನಾಗಿ ಇಳಿದರೆ ಮಡೆನೂರಿನ ಹಳೆಯ ಅಣೆಕಟ್ಟು ಕಾಣುತ್ತದೆ, ಆಗ ತನ್ನನ್ನು ಒಮ್ಮೆ ಆ ಕಡೆಗೆ ಕರೆದುಕೊಂಡು ಹೋಗಬೇಕಂತೆ. ನಾಗಸಂಪಿಗೆಯ ಬೊಡ್ಡೆ ಇನ್ನೂ ಇರಬಹುದು ಎನ್ನುತ್ತಾರೆ. ಏಪ್ರಿಲಿನಲ್ಲಿ ನಿನಗೆ ನಾಲ್ಕು ದಿನ ರಜೆ ಸಿಗುತ್ತದೆಯೇ ನೋಡು. ಬರುವಾಗ ಆ ಟೇಪನ್ನೂ ತಾ. ಅಂಗಳ ಎಷ್ಟು ಅಗಲವಿತ್ತು ಎಂಬ ವಿಷಯದಲ್ಲಿ ಅಮ್ಮಮ್ಮನಿಗೂ ಅವರ ತಮ್ಮನಿಗೂ ಇನ್ನೂ ಜಗಳ ಮುಗಿದಿಲ್ಲ.

ನಿನ್ನ
ಅಮ್ಮ